ಅತ್ತಿಗೆಯ ಗಾಡಿ, ಅಣ್ಣನ ಟೀವಿ

ನಮ್ಮ ಅತ್ತಿಗೆ ಕಮಲಾಕ್ಷಮ್ಮನವರ ಕಾಲು ಮನೆಯಲ್ಲಿ ನಿಂತದ್ದೇ ಕಡಿಮೆ. ಸರ್ಕಾರಿ ಶಾಲೆಗಳಲ್ಲಿ ಹೊಲಿಗೆ ಮೇಡಂ ಆಗಿದ್ದವರು. ಚೇಳೂರು, ಗುಬ್ಬಿ, ಕೊತ್ತಗೆರೆ ಎಂದು ವರ್ಗ ಮಾಡಿದ ಕಡೆಗೆಲ್ಲ ತುಮಕೂರಿನಿಂದಲೇ ಬಸ್ಸಿನಲ್ಲಿ ಹೋಗಿ ಬಂದವರು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ತಿಂಡಿ ಮುಗಿಯುತ್ತಲೇ ಚಪ್ಪಲಿ ಮೆಟ್ಟುವರು. ತರಕಾರಿ ತಂದಿಟ್ಟು, ಕೊತ್ತಂಬರಿ ಮರೆತೆ ಎಂದು ಮತ್ತೆ ಹೊರಡುವರು. ಕೊತ್ತಂಬರಿ ಚೀಲದಲ್ಲೇ ಇದೆ ಎಂದು ನಾನು ತೋರಿಸಿದರೆ, "ಅದು ಬಾಡಿದೆ ಕಣೋ ವಾದಿ" ಎನ್ನುವರು. ನಾನು ವಾದಿರಾಜ, ಅವರ ಮೈದುನ. ಪಕ್ಕದ ಮನೆಯಲ್ಲೇ ಇರುವವನು.

ಅಣ್ಣ ವೆಂಕಟೇಶಯ್ಯ ಇದಕ್ಕೆ ತದ್ವಿರುದ್ಧ. ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದಾಗ ಊರೂರು ಸುತ್ತಿದವನು, ನಿವೃತ್ತನಾದದ್ದೇ ಟೀವಿ ಮುಂದಿನ ಕುರ್ಚಿಗೆ ಬಿದ್ದ. ಸಂಜೆಯಾಯಿತೆಂದರೆ ಸುದ್ದಿ, ಸುದ್ದಿಯ ಮೇಲೆ ಚರ್ಚೆ, ಚರ್ಚೆಯಲ್ಲಿ ಯಾರು ಯಾರಿಗೆ ಬೈದರು ಎನ್ನುವುದರ ಮೇಲೆ ಮತ್ತೊಂದು ಸುದ್ದಿ. ನನಗಂತೂ ಆ ಪೆಟ್ಟಿಗೆ ಕಂಡರೆ ಮೈಯೆಲ್ಲ ಉರಿಯುತ್ತದೆ. ಮನೆಗೆ ಬಂದ ನೆಂಟರು ಅಣ್ಣನ ಬೆನ್ನಿಗೆ ನಮಸ್ಕಾರ ಮಾಡಿ ಹೋದದ್ದೂ ಉಂಟು.

ಹೀಗಿರುವಾಗ ಅತ್ತಿಗೆ ಒಂದು ಗಾಡಿ ಕೊಂಡರು. ಸತ್ಯಮಂಗಲದ ವರ್ಕ್‌ಶಾಪಿನಲ್ಲಿ ಯಾರೋ ಮೊಬೈಲ್ ಕ್ಯಾಂಟೀನಿಗೆಂದು ಮಾಡಿಸಿ, ಕೈಬಿಟ್ಟು ಹೋದ ಗಾಡಿ. ಇಂಜಿನ್ ಇಲ್ಲ, ಜೀಪಿಗೆ ಕಟ್ಟಿ ಎಳೆಯಬೇಕು. ಒಳಗೆ ಎರಡು ಮಂಚ, ಒಂದು ಸಣ್ಣ ಒಲೆ, ನೀರಿನ ಟ್ಯಾಂಕು, ಕರೆಂಟಿಗೆ ಬ್ಯಾಟರಿ ಹಾಕಿಸಿದರು. ದೋಸೆ ಕೊಡಲೆಂದು ಪಕ್ಕದಲ್ಲಿ ಕೊರೆದಿದ್ದ ದೊಡ್ಡ ಕಿಟಕಿ ಹಾಗೇ ಉಳಿಯಿತು. ಜೀಪು ನನ್ನದು, ಹಾಗಾಗಿ ಡ್ರೈವರೂ ನಾನೇ.

"ನೀವು ಬರ್ತೀರೋ ಇಲ್ವೋ ಹೇಳಿ" ಎಂದು ಅತ್ತಿಗೆ ಅಣ್ಣನನ್ನು ಕೇಳಿದರು.

"ಟೀವಿ ಇದ್ರೆ ಬರ್ತೀನಿ" ಎಂದ ಅಣ್ಣ, ಪರದೆಯಿಂದ ಕಣ್ಣು ತೆಗೆಯದೆ. "ಮೊಬೈಲಲ್ಲಿ ನೋಡೋದು ನಂಗಾಗಲ್ಲ. ಒಂದು ದಿನ ಬರ್ಲಿಲ್ಲ ಅಂದ್ರೂ ನಾನು ಬಸ್ ಹತ್ತಿ ವಾಪಸ್ ಬಂದ್ಬಿಡ್ತೀನಿ, ಆಮೇಲೆ ಕರೀಬೇಡ."

ನನಗೆ ಸಿಟ್ಟು ಬಂತು. ಅವನನ್ನು ಬಿಟ್ಟು ನಿಮ್ಮ ತಂಗಿ ಮೈತ್ರೇಯಿಯನ್ನು ಕರೆದುಕೊಂಡು ಹೋಗಿ ಎಂದು ಅತ್ತಿಗೆಗೆ ಹೇಳಿದೆ.

"ಮೈತ್ರೇಯಿ ಜೊತೆ ದಿನಾ ಫೋನಲ್ಲಿ ಮಾತಾಡ್ತೀನಿ ಕಣೋ. ಇವ್ರ ಜೊತೆ ಮಾತಾಡಿ ಎಷ್ಟು ಕಾಲ ಆಯ್ತು ಗೊತ್ತಾ? ಊಟಕ್ಕೆ ಬನ್ನಿ ಅನ್ನೋದು ಮಾತಲ್ಲ" ಎಂದರು ಅತ್ತಿಗೆ.

ಅವರಿಗೆ ಬೇಕಿದ್ದದ್ದು ಗಾಡಿಯೂ ಅಲ್ಲ, ಊರು ಸುತ್ತುವುದೂ ಅಲ್ಲ ಎಂದು ನನಗೆ ಆಗ ತಿಳಿಯಿತು. ಗಂಡ ಒಂದು ಸಂಜೆ ತಮ್ಮ ಪಕ್ಕದಲ್ಲಿ ಕೂತು ನಾಲ್ಕು ಮಾತಾಡಬೇಕು, ಅಷ್ಟೇ. ಅದಕ್ಕಾಗಿ ಟೀವಿಯನ್ನೂ ಹೊತ್ತುಕೊಂಡು ಹೋಗಲು ಸಿದ್ಧರಿದ್ದರು.

ಗುಬ್ಬಿಯಿಂದ ಡಿಶ್ ಹಾಕುವ ಹನುಮಂತರಾಜು ಬಂದ. ಗಾಡಿಯ ಹಿಂಭಾಗಕ್ಕೆ ಒಂದು ಕಬ್ಬಿಣದ ಪೈಪು ವೆಲ್ಡ್ ಮಾಡಿಸಿ ಅದರ ತಲೆಗೆ ಡಿಶ್ ಕೂರಿಸಿದ.

"ಮನೆ ಮ್ಯಾಲೆ ಒಂದ್ಸಲ ಕಟ್ಟುದ್ರೆ ಮುಗೀತಮ್ಮ. ಗಾಡಿ ಹಂಗಲ್ಲ, ನಿಂತ ಕಡೆಯೆಲ್ಲ ಹೊಸ್ದಾಗಿ ಹುಡುಕ್ಬೇಕು. ಗಾಡಿ ಸಮನಾಗಿ ನಿಲ್ಲುಸ್ಕಳಿ, ಮರದ ಕೆಳಗೆ ಮಾತ್ರ ಬ್ಯಾಡ. ಆಮೇಲೆ ಆಗ್ನೇಯದ ಕಡೆ, ಹೆಚ್ಚುಕಮ್ಮಿ ನೆತ್ತಿ ಮ್ಯಾಲೇ ನೋಡೋ ಹಂಗೆ ಎತ್ತಿ."

"ಅಂದ್ರೆ ಅಡುಗೆಮನೆ ಮೂಲೆ" ಎಂದರು ಅತ್ತಿಗೆ.

"ಅದೇಯ. ಈ ಸಿಗ್ನಲ್ ಹುಡ್ಕೋ ಮೀಟ್ರು ಕೂಗೋದು ಜೋರಾದಾಗ ನಟ್ಟು ಬಿಗಿ ಮಾಡುದ್ರೆ ಆಯ್ತು. ಒಂದು ಬೆಳ್ಳಷ್ಟು ಆ ಕಡೆ ಈ ಕಡೆ ಆದ್ರೂ ಚಿತ್ರ ಹೋಯ್ತದೆ."

ಹೊರಡುವ ದಿನ ಗಾಡಿಗೆ ಪೂಜೆ. ಹೂವು, ನಿಂಬೆಹಣ್ಣು, ಮಂಗಳಾರತಿ ಎಲ್ಲ ಆದ ಮೇಲೆ ದೃಷ್ಟಿಗೆಂದು ಬೂದುಗುಂಬಳಕಾಯಿ ಕಟ್ಟಬೇಕಲ್ಲ. ಹೊಸ ಗಾಡಿಯಲ್ಲಿ ಎಲ್ಲೂ ಕೊಕ್ಕೆ ಇರಲಿಲ್ಲ. ಡಿಶ್ಶಿನ ಕೆಳಗಿನಿಂದ ಮುಂದಕ್ಕೆ ಚಾಚಿದ ತೋಳೊಂದು ಕೈಗೆ ಸಿಕ್ಕಿತು. ಅತ್ತಿಗೆ ಅದಕ್ಕೇ ಹಗ್ಗ ಬಿಗಿದು, ಅರಿಶಿನ ಕುಂಕುಮ ಹಚ್ಚಿದ ಕಾಯಿಯನ್ನು ತೂಗುಹಾಕಿದರು. ನಾವು ಮೂವರೂ ಕೈಮುಗಿದು ಹೊರಟೆವು.

ಮೊದಲ ದಿನದ ಬಿಡಾರ ಗುಬ್ಬಿ ದಾಟಿ ಚೇಳೂರಿನ ಕಡೆ, ಅತ್ತಿಗೆಯ ಜೊತೆ ಕೆಲಸ ಮಾಡಿದ್ದ ಭದ್ರಮ್ಮನವರ ಹೊಲದಲ್ಲಿ. ರಾಗಿ ಕೊಯ್ದಾಗಿತ್ತು, ಸುತ್ತ ಬಯಲು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಸೈಕಲ್ ನಿಲ್ಲಿಸಿ, "ಇಡ್ಲಿ ಐತಾ?" ಎಂದು ಕಿಟಕಿಯಲ್ಲಿ ಇಣುಕಿದ. ಇಲ್ಲ ಎಂದರೆ, "ಮತ್ಯಾಕೆ ಗಾಡಿ ತಂದಿದ್ದೀರಿ" ಎಂದು ಗೊಣಗಿಕೊಂಡು ಹೋದ.

ಅತ್ತಿಗೆ ಡಿಶ್ ತಿರುಗಿಸುತ್ತಲೇ ಇದ್ದರು. ಮೀಟರು ಕೂಗುತ್ತಿತ್ತು, ನಟ್ಟು ಬಿಗಿ ಮಾಡಲು ಕೈ ಬಿಟ್ಟರೆ ಸುಮ್ಮನಾಗುತ್ತಿತ್ತು. ಮತ್ತೆ ಎತ್ತುವರು, ಮತ್ತೆ ಕೂಗುವುದು, ಮತ್ತೆ ಸುಮ್ಮನಾಗುವುದು. ಗಾಡಿಯನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎಳೆಸಿದರು. ಚಕ್ರದ ಕೆಳಗೆ ಕಲ್ಲು ಇಟ್ಟು ತೆಗೆದು ನನ್ನ ಸೊಂಟ ಬಿದ್ದುಹೋಯಿತು. ಅಣ್ಣ ಒಳಗೆ ಕಪ್ಪು ಪರದೆಯ ಮುಂದೆ ಕೈಕಟ್ಟಿ ಕೂತಿದ್ದವನು ಕೊನೆಗೆ ಎದ್ದು ತನ್ನ ಬ್ಯಾಗು ಹಿಡಿದು ರಸ್ತೆಯ ಕಡೆ ನಡೆದ. ಹೇಳಿದ ಮಾತಿನಂತೆ ನಡೆಯುವುದರಲ್ಲಿ ಅವನು ಬಲು ಗಟ್ಟಿಗ.

ಅತ್ತಿಗೆಯ ಕಣ್ಣಲ್ಲಿ ನೀರು ನಿಂತಿತ್ತು. ಹನುಮಂತರಾಜುವಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿದರು.

"ಕೈ ಬಿಟ್ರೆ ಕೆಳಕ್ಕೆ ಬತ್ತದಾ? ತೋಳಿನ ಮ್ಯಾಲೆ ಏನಾರ ಕೂತೈತಾ ನೋಡಿ, ಕಾಗೆ ಗೀಗೆ" ಎಂದ ಅವನು.

"ಕಾಗೆ ಏನೂ ಇಲ್ಲಪ್ಪ. ಕುಂಬಳಕಾಯಿ ಇದೆ."

"ತೆಗ್ದು ಬುಡಿ ಅಮ್ಮಾ" ಎಂದ ಹನುಮಂತರಾಜು.

ದಿನವಿಡೀ ಅದು ನಮ್ಮ ಮೂಗಿನ ಮುಂದೆಯೇ ತೂಗಾಡುತ್ತಿತ್ತು. ಮನೆ ಬಾಗಿಲ ಮೇಲಿನ ದೃಷ್ಟಿಕಾಯಿಯನ್ನು ಯಾರಾದರೂ ದಿನಾ ನೋಡುತ್ತಾರೆಯೇ? ಅತ್ತಿಗೆ ಅದನ್ನು ಬಿಚ್ಚಿ ನನ್ನ ಕೈಗಿಟ್ಟು, ಡಿಶ್ ಎತ್ತಿದರು. ಮೀಟರು ಕೂಗಿತು, ಕೂಗುತ್ತಲೇ ಇತ್ತು. ಅಷ್ಟರಲ್ಲಿ ಗುಬ್ಬಿಯ ಕಡೆ ಹೋಗುವ ಬಸ್ಸು ತಿರುವಿನಲ್ಲಿ ಕಾಣಿಸಿತು. ನಾನು ಕುಂಬಳಕಾಯಿ ಅಪ್ಪಿಕೊಂಡೇ ಓಡಿದೆ. ಅಣ್ಣ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಾಗಿತ್ತು.

"ಬಂತು ಅಣ್ಣ."

"ಎಲ್ಲಾ ಚಾನೆಲ್ಲೂನಾ?"

"ಎಲ್ಲಾ."

ಕಂಡಕ್ಟರು ನನ್ನನ್ನೂ ಕುಂಬಳಕಾಯಿಯನ್ನೂ ನೋಡಿ ಸೀಟಿ ಊದಿದ. ಅಣ್ಣ ಇಳಿದ.

ಅಲ್ಲಿಂದ ಕುಣಿಗಲ್ಲಿಗೆ ಹೋದೆವು. ದೊಡ್ಡಕೆರೆಯ ಹತ್ತಿರ ಹುಲ್ಲಿನ ಬಯಲಿನಲ್ಲಿ ಗಾಡಿ ನಿಂತಿತು. ಅತ್ತಿಗೆಯ ಕೈ ಈಗ ಪಳಗಿತ್ತು. ಹಾಲು ಕಾಯುವಷ್ಟರಲ್ಲಿ ಚಿತ್ರ ಬಂತು. ಅಣ್ಣ ಒಳಗೆ ಹೋಗಿ, ಪರದೆಯ ಮೇಲೆ ಬಿಸಿಲು ಬೀಳುತ್ತದೆ ಎಂದು ಕಿಟಕಿ ಮುಚ್ಚಿಕೊಂಡ. ಕೆರೆಯನ್ನು ಅವನು ನೋಡಿದ್ದು ಜೀಪಿನಿಂದ ಇಳಿಯುವಾಗ ಒಂದು ಸಲ.

ಎರಡು ಸಂಜೆ ಹೀಗೇ ಕಳೆಯಿತು. ಅತ್ತಿಗೆ ಕೆರೆ ಏರಿಯ ಮೇಲೆ ಹೋಗುವರು, ಬರುವರು, ಒಣಗಿದ ಬಟ್ಟೆಯನ್ನು ಮತ್ತೆ ಹರವುವರು, ಕುರ್ಚಿ ಹಾಕುವರು, ಮಡಚಿಡುವರು. ಒಳಗಿನಿಂದ ಯಾರೋ ನಾಲ್ಕು ಜನ ಕಿರುಚಾಡುವ ಸದ್ದು.

"ಮನೇನೇ ಎಳ್ಕೊಂಡು ಬಂದೆ ಕಣೋ ವಾದಿ, ಇನ್ನೇನೂ ಅಲ್ಲ" ಎಂದರು.

ಒಳಗೆ ನುಗ್ಗಿ ವೈರು ಕಿತ್ತುಹಾಕಿಬಿಡೋಣ ಎಂದು ನಾನು ಎದ್ದೆ. ಅತ್ತಿಗೆ ಬೇಡ ಎಂದು ಕೈಯಾಡಿಸಿ, ಸ್ಪ್ಯಾನರ್ ತೆಗೆದುಕೊಂಡು ಗಾಡಿಯ ಹಿಂದಕ್ಕೆ ಹೋದರು. ನಟ್ಟು ಸಡಿಲಿಸಿ, ಡಿಶ್ಶನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿದರು. ಕಿರುಚಾಟ ನಿಂತಿತು. ಹಕ್ಕಿಗಳ ಸದ್ದು ಕೇಳಿಸಿತು.

ಅಣ್ಣ ಹೊರಗೆ ಬಂದ. "ಏನಾಯ್ತೇ?"

"ಗಾಳಿಗೆ ತಿರುಗಿದೆ ಅನ್ಸುತ್ತೆ. ಸರಿ ಮಾಡ್ತೀನಿ ರೀ, ಅಲ್ಲೀವರ್ಗೂ ಕಾಫಿ ಕುಡೀರಿ."

ಅಣ್ಣ ಕೂತ. ಕೈಯಲ್ಲಿ ರಿಮೋಟು ಹಾಗೇ ಇತ್ತು. ಕಾಫಿ ಮುಗಿಯಿತು. ಆಚೆ ದಡದಲ್ಲಿ ದನ ಹೊಡೆದುಕೊಂಡು ಹೋಗುವವರನ್ನು ನೋಡುತ್ತಾ ಇದ್ದವನು, "ಕೊತ್ತಗೆರೆ ಇಲ್ಲೇ ಹತ್ರ ಅಲ್ವಾ?" ಎಂದ.

"ಹೌದು."

"ನೀನು ಅಲ್ಲಿದ್ದಾಗ ಒಂದ್ಸಲ ಟ್ರಾನ್ಸ್‌ಫಾರ್ಮರ್ ನೋಡೋಕೆ ಬಂದಿದ್ದೆ."

"ನೆನಪಿದೆ. ಸ್ಕೂಲ್ ಹತ್ರ ಬಂದ್ರಿ. ಬಸ್ಸಿಗೆ ಅಂತ ಇಬ್ರೂ ಎಷ್ಟೊತ್ತು ಕಾದ್ವಿ."

"ಟ್ರಾನ್ಸ್‌ಫಾರ್ಮರ್ ಏನೂ ಕೆಟ್ಟಿರ್ಲಿಲ್ಲ ಕಣೇ. ಆಫೀಸಲ್ಲಿ ಹಾಗೆ ಹೇಳಿ ಬಂದಿದ್ದೆ."

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಅಲ್ಲಿ ಇರಬಾರದೆಂದು ಕೆರೆ ಏರಿಯ ಕಡೆ ಹೋದೆ. ಕತ್ತಲಾಗಿ ವಾಪಸು ಬಂದಾಗಲೂ ಇಬ್ಬರೂ ಮಾತಾಡುತ್ತಲೇ ಇದ್ದರು.

ಮಾರನೆಯ ಸಂಜೆ ಚರ್ಚೆ ಕಾವೇರುತ್ತಿದ್ದ ಹೊತ್ತಿಗೆ ಪರದೆ ಮತ್ತೆ ಕಪ್ಪಾಯಿತು. ಈ ಸಲ ಅಣ್ಣ ನೆಟ್ಟಗೆ ಡಿಶ್ ಹತ್ತಿರ ಹೋದ. ಸಡಿಲವಾದ ನಟ್ಟನ್ನು ಮುಟ್ಟಿ ನೋಡಿದ. ಕೆರೆಯ ಕಡೆ ತಿರುಗಿದ; ನೀರಿನ ಮೇಲೆ ಒಂದು ಅಲೆಯೂ ಇರಲಿಲ್ಲ.

"ಇವತ್ತು ಗಾಳೀನೇ ಇಲ್ವಲ್ಲೇ" ಎಂದ.

ಅತ್ತಿಗೆ ತಲೆ ಎತ್ತಲಿಲ್ಲ. ಕಾಫಿ ಸೋಸುತ್ತಲೇ ಇದ್ದರು, ಲೋಟ ತುಂಬಿ ಹೊರಗೆ ಚೆಲ್ಲಿತು. ಇನ್ನು ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಡುತ್ತಾನೆ, ಇವರ ಆಸೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ ನಾನು.

ಅಣ್ಣ ಬಂದು ಅತ್ತಿಗೆಯ ಪಕ್ಕದ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ಕೂತ.

"ಕಮಲಾ, ನಾಳೆ ಇನ್ನೂ ಸ್ವಲ್ಪ ಬೇಗ ತಿರುಗಿಸು. ಮಾತಾಡ್ತಾ ಇದ್ದ ಹಾಗೇ ಕತ್ತಲಾಗ್ಬಿಡುತ್ತೆ."