ಸರಿಯಿದ್ದ ಕಣ್ಣು

ಹೊಸನಗರದ ಬಸ್ ಡ್ರೈವರ್ ಗುತ್ಯಪ್ಪನ ಬಲಗಣ್ಣು ಕೈಕೊಟ್ಟದ್ದು ೧೯೬೭ರ ಮಾಗಿಯಲ್ಲಿ. ಮೊದಲು ಕಣ್ಣುಗುಡ್ಡೆ ಹೊರಳಿಸಿದರೆ ಹಿಂದೆಲ್ಲೋ ನೋವು. ನಾಲ್ಕನೆಯ ದಿನ ಹುಲಿಕಲ್ ಘಾಟಿಯ ತಿರುವಿನಲ್ಲಿ ಎದುರು ಬಂದ ಲಾರಿ ಎಷ್ಟು ದೂರವಿದೆಯೆಂದು ಅಂದಾಜೇ ಸಿಗದೆ, ನಲವತ್ತು ಜನರಿದ್ದ ಬಸ್ಸನ್ನು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದ. ಎಡಗಣ್ಣು ಮುಚ್ಚಿ ನೋಡಿದರೆ ಲಾರಿಯ ಜಾಗದಲ್ಲಿ ಬರೀ ಬೂದಿ ಮಬ್ಬು. ಆಳು ನಡೆಯುವ ವೇಗದಲ್ಲಿ ಬಸ್ಸನ್ನು ಊರು ಮುಟ್ಟಿಸಿ, ಇನ್ನು ಓಡಿಸುವುದಿಲ್ಲವೆಂದು ಮಾಲೀಕ ವಾಸಪ್ಪನ ಮೇಜಿನ ಮೇಲೆ ಕೀಲಿಯಿಟ್ಟ.

ಕಣ್ಣು ಕೆಂಪಾಗಿರಲಿಲ್ಲ, ಪೊರೆಯೂ ಬಂದಿರಲಿಲ್ಲ. ಡಾಕ್ಟರ ಚೀಟಿ ತಾ ಎಂದ ವಾಸಪ್ಪ. ಸಾಗರದ ಡಾಕ್ಟರೊಬ್ಬರು ಎರಡೂ ಕಣ್ಣು ತೆರೆಸಿಯೇ ಗೋಡೆಯ ಅಕ್ಷರ ಓದಿಸಿದರು. ಗುತ್ಯಪ್ಪ ಕೊನೆಯ ಸಾಲಿನವರೆಗೂ ಓದಿದ. ಓದಿದ್ದು ಎಡಗಣ್ಣೆಂದು ಹೇಳುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ಇನ್ನೊಬ್ಬರು ಕನ್ನಡಕ ಬರೆದರು. ಅದರಲ್ಲೂ ಅದೇ ಮಬ್ಬು. ಗುತ್ಯಪ್ಪನಿಗೆ ಮೈಗಳ್ಳತನ ಹತ್ತಿದೆ ಎಂಬ ಮಾತು ಬಸ್ ಸ್ಟ್ಯಾಂಡಿನಿಂದ ಮನೆಗೂ ಬಂತು. ಹೆಂಡತಿ ಕನ್ನಮ್ಮ ದಿನಾ ಕಣ್ಣಿಗೆ ನಂದಿಬಟ್ಟಲ ಹೂವಿನ ರಸ ಬಿಡುತ್ತಿದ್ದಳು. ಇವಳಾದರೂ ನಂಬಿದಳಲ್ಲ ಎಂದುಕೊಳ್ಳುವಾಗಲೇ, "ಒಂದ್ಸಲ ಓಡ್ಸಿ ನೋಡ್ಬಾರ್ದಾ?" ಎಂದಳು.

"ನಲ್ವತ್ತು ಜನರನ್ನ ಕೂರಿಸ್ಕಂಡು ನೋಡದಾ?" ಎಂದು ಗುತ್ಯಪ್ಪ ಎದ್ದು ಹೋದ.

ಮೂರನೆಯ ವಾರ, ತೀರ್ಥಹಳ್ಳಿಗೆ ಶಿವಮೊಗ್ಗದಿಂದ ಕಣ್ಣಿನ ಡಾಕ್ಟರು ಬರುತ್ತಾರೆಂದು ಕೇಳಿ ಹೋದ. ಅವರು ಕಿಟಕಿ ಮುಚ್ಚಿ, ಬ್ಯಾಟರಿಯ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಆಡಿಸಿದರು. ಎಡಗಣ್ಣಿನ ಪಾಪೆ ಬೆಳಕಿಗೆ ಕುಗ್ಗಿತು. ಬಲಗಣ್ಣಿನದು ಅದೇ ಬೆಳಕಿಗೆ ಹಿಗ್ಗಿತು. ಕೆಂಪು ಇಂಕಿನ ಬಾಟಲಿ ತೋರಿಸಿದರೆ ಬಲಗಣ್ಣಿಗೆ ಅದು ಹಳೆಯ ಇಟ್ಟಿಗೆಯ ಬಣ್ಣ.

"ಕಣ್ಣು ಸರಿ ಇದೆ. ಕಣ್ಣಿಂದ ಮಿದುಳಿಗೆ ಹೋಗೋ ನರ ಊದಿದೆ," ಎಂದರು.

ಎಷ್ಟು ಊದಿದೆ ಎಂದು ಗುತ್ಯಪ್ಪ ಕೇಳಿದ. ವಾಸಪ್ಪನ ಮುಂದಿಡಲು ಒಂದು ಅಳತೆ ಬೇಕಿತ್ತು. ಹೊರದೇಶದಲ್ಲಿ ಶಬ್ದದ ಅಲೆ ಕಳಿಸಿ ಕಣ್ಣಿನ ಹಿಂದಿನದನ್ನು ಅಳೆಯುವ ಪ್ರಯತ್ನ ನಡೆದಿದೆಯಂತೆ, ಇಲ್ಲಿ ಬ್ಯಾಟರಿಯೇ ಗತಿ ಎಂದರು ಡಾಕ್ಟರು. ಬಹಳ ಜನರಿಗೆ ತಾನಾಗಿ ಇಳಿಯುತ್ತದೆ, ಅಲ್ಲಿಯವರೆಗೆ ಬಸ್ಸು ಮುಟ್ಟಬಾರದು ಎಂದು ಚೀಟಿ ಬರೆದುಕೊಟ್ಟರು.

ವಾಸಪ್ಪ ಅದನ್ನು ದೂರ ಹಿಡಿದು ಓದಿದ. "ಕಣ್ಣು ಸರಿ ಇದೆ ಅಂತ ಇವ್ರೂ ಬರ್ದಿದಾರಲ್ಲೋ."

"ಮುಂದಿನ್ ಸಾಲೂ ಓದಿ ಸಾವ್ಕಾರ್ರೇ," ಎಂದ ಗುತ್ಯಪ್ಪ, ಹಲ್ಲು ಕಚ್ಚಿ.

ಎರಡು ತಿಂಗಳಲ್ಲಿ ಮಬ್ಬು ಅಂಚಿನಿಂದ ಕರಗುತ್ತ ಬಂತು. ಡಾಕ್ಟರು ಮತ್ತೆ ನೋಡಿ ಒಪ್ಪಿದ ಮೇಲೆಯೇ ಗುತ್ಯಪ್ಪ ಬಸ್ಸು ಹತ್ತಿದ. ಘಾಟಿ ಬೇಡ, ಸಾಗರದ ದಾರಿ ಕೊಡಿ ಎಂದು ಪಟ್ಟು ಹಿಡಿದು ಪಡೆದ. ಏನೂ ಆಗಿಲ್ಲವೆಂದು ತಾನು ಮೊದಲೇ ಹೇಳಿದ್ದೆನಲ್ಲ ಎಂದು ವಾಸಪ್ಪ ಎಲ್ಲರೆದುರು ನಕ್ಕ. ಮೊದಲ ಟ್ರಿಪ್ಪಿಗೆ ಹೊತ್ತಾಗಿತ್ತು, ಗುತ್ಯಪ್ಪ ಗಾಡಿ ಬಿಟ್ಟ.