ಓರೆ ಅಕ್ಷರದ ಅರ್ಥ

ಸ್ನೇಹಿತರೇ, ಇವತ್ತು ಬೆಟ್ಟಂಪಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಜಮೀಲಾ ಎಂಬವರು ಫೋನ್ ಮಾಡಿ ನನಗೆ ಜೋರು ಮಾಡಿದರು. ಅವರ ಬಿಲ್ಲಿಂಗ್ ಸಾಫ್ಟ್‌ವೇರಿನ ಕನ್ನಡ ಕೈಪಿಡಿಯನ್ನು ಕಡಬದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಬರೆದವಳು ನಾನು. ಸಹಾಯಕ್ಕೆಂದು ಅದರಲ್ಲಿ ಕೊಟ್ಟಿರುವ ನಂಬರೂ ನನ್ನದೇ.

“ಎಂತ ಮಾರಾಯ್ರೆ, ‘ನಿಮ್ಮ ಹೆಸರು’ ಟೈಪ್ ಮಾಡಿ ಅಂತ ಪುಸ್ತಕದಲ್ಲಿ ಉಂಟು. ಹಾಗೇ ಮಾಡಿದೆ. ಈಗ ಕಂಪ್ಯೂಟರ್ ‘ನಮಸ್ಕಾರ, ನಿಮ್ಮ ಹೆಸರು’ ಅಂತ ಹೇಳುದು!”

“ಅದು ಓರೆ ಅಕ್ಷರದಲ್ಲಿ ಉಂಟಲ್ಲ, ಅಂಥ ಕಡೆ ನಿಮ್ಮ ಸ್ವಂತ ಹೆಸರು ಹಾಕುದು ಅಮ್ಮ.”

“ಓರೆ ಇದ್ದದ್ದು ಪ್ರಿಂಟಿಂಗಿನ ತಪ್ಪು ಅಂತ ಎಣಿಸಿದೆ.”

ಅವರು ಹೆಸರು ಹಾಕಿದರು. ‘ನಮಸ್ಕಾರ, ಜಮೀಲಾ’ ಎಂದು ಬಂದದ್ದನ್ನು ಮೆಲ್ಲಗೆ ಎರಡು ಸಲ ಓದಿದರು.

“ಎಂತಾಯ್ತು?”

“ಎಂತ ಇಲ್ಲ. ಊರಿಗೆಲ್ಲ ನಾನು ಅಂಗಡಿ ಉಮ್ಮ. ಗಂಡ ತೀರಿಹೋದ ಮೇಲೆ ಹೆಸರು ಹಿಡಿದು ಕರೆಯುವವರೇ ಇಲ್ಲ.”

ಊಟ ಆಯಿತಾ ಎಂದು ಕೇಳಿದೆ. ಆಮೇಲೆ ತುಂಬ ಹೊತ್ತು ಮಾತಾಡಿದೆವು. ಇವತ್ತು ನನ್ನ ಜೊತೆ ಮಾತಾಡಿದವರು ಅವರೊಬ್ಬರೇ.

ಕೈಪಿಡಿ ಸರಿಯಿದ್ದರೆ ಯಾರೂ ಫೋನ್ ಮಾಡಬೇಕಾಗಿ ಬರಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಆ ಪುಟವನ್ನು ನಾನಿನ್ನೂ ತಿದ್ದಿಲ್ಲ.