ನಮ್ಮ ಮನೀನೂ ಸಾಲೀನ ರೀ

ಅಪ್ಪ ನನ್ನನ್ನು ಮೊದಲು ನೋಡಿದ್ದು ಬಸ್ಸಿನ ಹಿಂದಿನ ಸೀಟಿನಲ್ಲಿ. ಆತ ಸರ್ಕಾರಿ ಬಸ್ಸಿನ ಡ್ರೈವರ್. ಹಾನಗಲ್ಲಿನಿಂದ ಹಿರೇಕೆರೂರಿಗೆ ಬಂದು, ಜನ ಇಳಿದು ಗಾಡಿ ಖಾಲಿಯಾದ ಮೇಲೆ ನೋಡಿದರೆ ಮೂರು ವರ್ಷದ ನಾನು ಚುರುಮುರಿ ಪೊಟ್ಟಣ ಎದೆಗವುಚಿಕೊಂಡು ಕುಳಿತಿದ್ದೆನಂತೆ. ಪೊಲೀಸರಿಗೆ ತಿಳಿಸಿದರು, ಊರೂರಿಗೆ ಹೇಳಿ ಕಳಿಸಿದರು. ಯಾರೂ ಬರಲಿಲ್ಲ. ಹಂಸಭಾವಿಯ ಮನೆಗೆ ಕರೆತಂದಾಗ ಅಲ್ಲಿ ಆಗಲೇ ನಾಲ್ಕು ಮಕ್ಕಳಿದ್ದವು. ಒಂದೂ ಅವ್ವ ಹೆತ್ತದ್ದಲ್ಲ. ಎಪ್ಪತ್ತರ ದಶಕದ ನಡುವಿಗೆ ನಾವು ಒಂಬತ್ತು ಮಂದಿಯಾದೆವು.

ಜನ ನಮ್ಮನ್ನು ನೋಡಿ "ಪಾಪ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಬೆಳಿಗ್ಗೆ ಬಿಸಿ ರೊಟ್ಟಿ, ಬಡಿದಾಡಿಕೊಳ್ಳಲು ಎಂಟು ಮಂದಿ, ಬೈಯಲು ಅವ್ವ. ಇದರಲ್ಲಿ ಪಾಪ ಎನ್ನುವಂಥದ್ದು ಏನಿತ್ತು?

ಮೊದಲು ನಾವೂ ಊರ ಶಾಲೆಗೇ ಹೋಗುತ್ತಿದ್ದೆವು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ನನ್ನ ತಂಗಿಯನ್ನು ಒಂದನೆಯದಕ್ಕೆ ಸೇರಿಸಿದರು. ಆ ವರ್ಷ ಹೊಸದಾಗಿ ಬಂದಿದ್ದ ಮಾಸ್ತರರು ಹಾಜರಿ ಪುಸ್ತಕದಲ್ಲಿ ಜಾತಿಯ ಕಾಲಂ ತುಂಬಲು ಅವಳನ್ನು ಎಬ್ಬಿಸಿ ನಿಲ್ಲಿಸಿದರು.

"ನಿಂದು ಯಾವ ಜಾತಿ?"

"ಗೊತ್ತಿಲ್ರಿ."

"ಹಂಗಾರ ಬಾಗಲದಾಗ ಕುಂದ್ರು. ಗೊತ್ತಾದ ಮ್ಯಾಲ ಒಳಗ ಬರೂವಂತಿ."

ಅವಳು ನಾಲ್ಕು ದಿನ ಹೊಸ್ತಿಲ ಬಳಿ, ಎಲ್ಲರ ಚಪ್ಪಲಿಗಳ ನಡುವೆ ಕುಳಿತಳು. ಕುಡಿಯುವ ನೀರನ್ನು ಅವಳ ಬೊಗಸೆಗೆ, ಮುಟ್ಟದಂತೆ, ಮೇಲಿನಿಂದ ಸುರಿದರು. ನಾಲ್ಕನೆಯ ದಿನ ನಾನು ಮನೆಯಲ್ಲಿ ಹೇಳಿಬಿಟ್ಟೆ. ಅವ್ವ ಮದುವೆಗೆ ಮುಂಚೆ ಎರಡು ವರ್ಷ ಶಾಲೆಯಲ್ಲಿ ಕಲಿಸಿದವಳು. ಮರುದಿನ ನೇರ ತರಗತಿಗೆ ಬಂದು ತಂಗಿಯ ಕೈ ಹಿಡಿದಳು. ಮಾಸ್ತರರು, "ಯಾಕ ಬಿಡಿಸಾಕತ್ತೀರಿ?" ಎಂದರು.

"ಅಕ್ಷರ ಕಲೀಲಿ ಅಂತ ಕಳಿಸಿದ್ದೆ ರೀ. ಬಾಗಲಾ ಕಾಯಾಕಲ್ಲ," ಎಂದಳು ಅವ್ವ. ಶಾಲೆಗೆ ಹೋಗುತ್ತಿದ್ದ ಆರೂ ಮಂದಿಯ ಪಾಟಿ-ಬಳಪಗಳನ್ನು ಎತ್ತಿಕೊಂಡು ನಮ್ಮನ್ನು ಮುಂದೆ ಹಾಕಿಕೊಂಡು ಹೊರಟಳು.

ಆ ಭಾನುವಾರ ಅಪ್ಪ ಪಡಸಾಲೆಯ ಒಂದು ಗೋಡೆಗೆ ಕರಿ ಬಣ್ಣ ಬಳಿದ. ಅಲ್ಲಿಗೆ ನಮ್ಮ ಶಾಲೆ ಶುರುವಾಯಿತು.

ಅವ್ವ ರೊಟ್ಟಿ ಬಡಿಯುವಾಗ ನಾವು ಮಗ್ಗಿ ಹೇಳಬೇಕು. ಬಡಿತಕ್ಕೊಂದು ಉತ್ತರ. ತಪ್ಪಿದರೆ ಕೈ ನಿಲ್ಲುತ್ತಿತ್ತು, ಹಂಚು ಕಾಯುತ್ತಿತ್ತು, ಹಸಿದ ಎಂಟು ಮಂದಿ ತಪ್ಪಿದವರನ್ನೇ ನುಂಗುವಂತೆ ನೋಡುತ್ತಿದ್ದರು. ಹದಿನೇಳರ ಮಗ್ಗಿ ನನಗೆ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ. ಊಟವಾದ ಮೇಲೆ ಪಾತ್ರೆ ತೊಳೆಯುವವರು ತೊಳೆದರೆ ಉಳಿದವರು ಗೋಡೆಯ ಮುಂದೆ. ತಾವು ಕಲಿತದ್ದನ್ನು ಪ್ರತಿಯೊಬ್ಬರೂ ತಮಗಿಂತ ಸಣ್ಣವರಿಗೆ ಕಲಿಸಬೇಕು, ಸಣ್ಣವರಿಗೆ ಬರದಿದ್ದರೆ ಬೈಗುಳ ದೊಡ್ಡವರಿಗೆ. ನನಗೆ ಕಲಿಸುತ್ತಿದ್ದ ಅಕ್ಕನಿಗೆ ನನ್ನಿಂದ ಬಹಳ ಬೈಗುಳ ಬಿದ್ದವು. ಅಪ್ಪ ಪಾಳಿಯ ಮೇಲೆ ಇಬ್ಬಿಬ್ಬರನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ. ಸವಣೂರಿಗೋ ಶಿಗ್ಗಾಂವಿಗೋ ಹೋಗಿ ಬಂದು, ದಾರಿಯ ಹಳ್ಳ, ಕೆರೆ, ತಿರುವುಗಳನ್ನೆಲ್ಲ ಗೋಡೆಯ ಮೇಲೆ ನಕ್ಷೆ ಬರೆದು ತೋರಿಸಬೇಕು. ಒಮ್ಮೆ ಅವ್ವ ಎಲ್ಲರನ್ನೂ ಅಬಲೂರಿಗೆ ಕರೆದುಕೊಂಡು ಹೋಗಿ ಗುಡಿಯ ಶಾಸನದ ಮುಂದೆ ಕೂರಿಸಿದಳು. ಹಳೆಯ ಅಕ್ಷರಗಳಲ್ಲಿ ಅವಳಿಗೆ ಅರ್ಧ ಮಾತ್ರ ಬರುತ್ತಿದ್ದವು. "ಉಳಿದದ್ದು ನನಗೂ ಗೊತ್ತಿಲ್ಲ. ಕೂಡಿ ಓದೂಣು," ಎಂದಳು. ಗೊತ್ತಿಲ್ಲ ಎಂದು ಹೇಳಿದ ಮಾಸ್ತರರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅವ್ವನ ತವರು ಸವಣೂರು, ಶಾಸ್ತ್ರ ಓದಿಕೊಂಡ ಮನೆತನ. ಅವಳ ಅಣ್ಣ, ಅಂದರೆ ನಮ್ಮ ಮಾಮಾ, ವಕೀಲ. ಆರನೆಯ ಮಗು ಬಂದಂದಿನಿಂದ ಮನೆಗೆ ಕಾಲಿಡದವನು ಒಂದು ಮಧ್ಯಾಹ್ನ ಬಂದು ಚಾಪೆಯ ಮೇಲೆ ಕುಳಿತ.

"ತಂಗಿ, ಕಾಯ್ದೆ ಪ್ರಕಾರ ಒಂದು ಗಂಡು, ಒಂದು ಹೆಣ್ಣು, ಇಷ್ಟ ದತ್ತಕ ತಗೋಳಾಕ ಬರತೈತಿ. ಎರಡು ಮಕ್ಕಳನ್ನ ಆರಿಸ್ಕೋ. ಕಾಗದಾ ನಾ ಮಾಡಿ ಕೊಡ್ತೇನಿ. ಉಳಿದವನ್ನ ಎಲ್ಯರೆ ಆಶ್ರಮಕ್ಕ ಹಾಕೂಣು."

ನಾವೆಲ್ಲ ಅಲ್ಲೇ ಇದ್ದೆವು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನಾನು ಮೆಲ್ಲಗೆ ಕೂದಲು ಸರಿಮಾಡಿಕೊಂಡೆ. ಪಕ್ಕದಲ್ಲಿದ್ದ ತಂಗಿ ನನ್ನ ಲಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅದು ತಿಳಿದೂ ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ, ನನ್ನನ್ನು ಆರಿಸಲಿ ಎಂದು.

ಅವ್ವ ನಮ್ಮತ್ತ ತಿರುಗಲೇ ಇಲ್ಲ. "ಒಂಬತ್ತು ಮಂದಿಗೂ ಆಗ್ತದ ಅಂದ್ರ ಕಾಗದಾ ಮಾಡು ಅಣ್ಣಾ. ಇಲ್ಲಂದ್ರ ಒಬ್ರಿಗೂ ಬ್ಯಾಡ."

"ನಾಳೆ ಇವಕ್ಕ ಏನು ಹಕ್ಕ ಇರತೈತಿ?"

"ಉಣ್ಣೂ ಹಕ್ಕ ಇವತ್ತ ಐತಿ. ಕುಂದ್ರು, ನೀನೂ ಉಣ್ಣು."

ಮಾಮಾ ಉಣ್ಣದೆ ಎದ್ದು ಹೋದ. ನಾನು ಹಿತ್ತಲಿಗೆ ಹೋಗಿ ಅತ್ತೆ. ಅವ್ವ ನನ್ನನ್ನು ಆರಿಸಲಿಲ್ಲವೆಂದು ಅತ್ತೆನೋ, ಬಿಡಲಿಲ್ಲವೆಂದು ಅತ್ತೆನೋ, ನನಗೆ ಆಗ ತಿಳಿಯಲಿಲ್ಲ.

ಎಂಬತ್ತರ ದಶಕದ ಮೊದಲಿಗೆ ಅಕ್ಕ ಮತ್ತು ನಾನು ಹತ್ತನೆಯ ಪರೀಕ್ಷೆಗೆ ಹೊರಗಿನಿಂದ ಕಟ್ಟಬೇಕಾಯಿತು. ಅದಕ್ಕೆ ಒಂದು ಹೈಸ್ಕೂಲಿನ ಹೆಡ್‌ಮಾಸ್ತರರ ಸಹಿ ಬೇಕು. ಹತ್ತಿರದ ಊರಿನವರು ಫಾರ್ಮು ಕೊಡಲೇ ಇಲ್ಲ. ಅಪ್ಪ ಶಿಗ್ಗಾಂವಿಯಲ್ಲಿ ಒಂದು ಶಾಲೆ ವಿಚಾರಿಸಿ ಬಂದ. ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ಹೋದಳು. ಫಾರ್ಮಿನಲ್ಲಿ 'ತಂದೆ/ಪಾಲಕರು' ಎಂದು ಅಚ್ಚಾಗಿತ್ತು. ಬೇಡವಾದದ್ದನ್ನು ಹೊಡೆದುಹಾಕಬೇಕು. ಕ್ಲಾರ್ಕ್ ನಮ್ಮ ಕಥೆ ಕೇಳಿದವನೇ 'ತಂದೆ' ಎಂಬುದರ ಮೇಲೆ ಗೆರೆ ಎಳೆದುಬಿಟ್ಟ.

ನನಗೆ ಎಲ್ಲಿಂದ ಧೈರ್ಯ ಬಂತೋ. "ಇನ್ನೊಂದು ಫಾರ್ಮ್ ಕೊಡ್ರಿ," ಎಂದೆ.

"ಯಾಕವಾ?"

"ಇದರಾಗ ಸುಳ್ಳ ಐತಿ."

ಹೊಸ ಫಾರ್ಮಿನಲ್ಲಿ ನಾನೇ 'ಪಾಲಕರು' ಎಂಬುದನ್ನು ಹೊಡೆದು ಅಪ್ಪನ ಹೆಸರು ಬರೆದೆ. ಜಾತಿಯ ಮುಂದೆ ಅಡ್ಡಗೆರೆ ಎಳೆದೆ. ಅಕ್ಕನೂ ಹಾಗೇ ಮಾಡಿದಳು. ಹೆಡ್‌ಮಾಸ್ತರರು ಎರಡನ್ನೂ ನೋಡಿ, ದತ್ತಕ ಪತ್ರವಿಲ್ಲದೆ ಸಹಿ ಹಾಕುವುದಿಲ್ಲ ಎಂದರು.

ಅವ್ವ ವಾದ ಮಾಡಲಿಲ್ಲ. ಹೊರಗೆ ಬಂದು ಶಾಲೆಯ ವರಾಂಡದಲ್ಲಿ ಕುಳಿತು, ಚೀಲದಿಂದ ಪಾಟಿ ತೆಗೆದು ನಮಗೆ ರೇಖಾಗಣಿತದ ಪಾಠ ಶುರುಮಾಡಿದಳು. ಅವಳದು ದೊಡ್ಡ ಗಂಟಲು. ಒಳಗಿನ ಹುಡುಗರೆಲ್ಲ ಕಿಟಕಿಗೆ ಬಂದರು. ಹೆಡ್‌ಮಾಸ್ತರರು ಹೊರಬಂದು, "ಇದು ಸಾಲಿ ಐತ್ರಿ ಬಾಯಾರ, ನಿಮ್ಮ ಮನಿ ಅಲ್ಲ," ಎಂದರು.

"ನಮ್ಮ ಮನೀನೂ ಸಾಲೀನ ರೀ. ನಿಮಗ ತ್ರಾಸ ಆಗಾಕತ್ತಿದ್ರ ಸಹಿ ಹಾಕ್ರಿ, ಹೋಗ್ತೇವಿ."

ಅವತ್ತು ಹಾಕಲಿಲ್ಲ. ಮರುದಿನವೂ ಹೋಗಿ ಕುಳಿತೆವು. ಕಿಟಕಿಯಲ್ಲಿ ನಗುವ ಮುಖಗಳನ್ನು ಕಂಡು ನೆಲ ಬಾಯಿಬಿಡಬಾರದೇ ಎನ್ನಿಸಿತ್ತು, ಆದರೆ ಅವ್ವನ ಮುಂದೆ ತಲೆ ತಗ್ಗಿಸುವ ಹಾಗಿರಲಿಲ್ಲ. ಮೂರನೆಯ ದಿನ ಅವರು ಎರಡೂ ಫಾರ್ಮುಗಳಿಗೆ ಸಹಿ ಹಾಕಿ ಕೊಟ್ಟರು.

ಅಕ್ಕ ಪಾಸಾದಳು. ನಾನು ಇಂಗ್ಲಿಷಿನಲ್ಲಿ ಬಿದ್ದೆ. ಸುದ್ದಿ ಸವಣೂರಿಗೂ ಮುಟ್ಟಿತು. 'ಮನೆಯನ್ನು ಶಾಲೆ ಮಾಡಿದರೆ ಹೀಗೇ ಆಗುವುದು' ಎಂದು ಮಾಮಾ ಕಾರ್ಡು ಬರೆದ. ಅವ್ವ ಆ ಕಾರ್ಡನ್ನು ಅಂದಿನ ವ್ಯಾಕರಣ ಪಾಠಕ್ಕೆ ತೆಗೆದುಕೊಂಡಳು. ಸಣ್ಣವರೆಲ್ಲ ಸೇರಿ ಅದರಲ್ಲಿ ನಾಲ್ಕು ತಪ್ಪು ಹುಡುಕಿದರು. ಅಳುತ್ತ ಕುಳಿತಿದ್ದ ನಾನು ಐದನೆಯದನ್ನು ಹುಡುಕಿದೆ.

ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಪಾಸಾದೆ. ಮುಂದೆ ನಮ್ಮಲ್ಲಿ ಒಬ್ಬಳು ನರ್ಸ್ ಆದಳು, ಇಬ್ಬರು ಗದ್ದೆ ಮಾಡಿದರು, ಒಬ್ಬ ಅಪ್ಪನ ಹಾಗೆ ಬಸ್ಸು ಹತ್ತಿದ, ಒಬ್ಬನಿಗೆ ಓದು ಹತ್ತಲೇ ಇಲ್ಲ, ಅವನಿಗೂ ಅವ್ವ ಅಷ್ಟೇ ಬೈದಳು. ನಾನು ಪಾಸಾದ ವರ್ಷದ ಚಳಿಗಾಲದಲ್ಲೇ ಅವ್ವ ಸುಣ್ಣದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, "ನಿನ್ನ ತಂಗೀಗೆ ಇಂಗ್ಲಿಷ್ ಇನ್ನ ನೀನ ಕಲಿಸು. ಎಲ್ಲಿ ಬೀಳ್ತಾರ ಅನ್ನೂದು ನಿನಗ ಗೊತ್ತೈತಿ," ಎಂದಳು. ನಾನು ಎದ್ದು ಹೋಗಿ ಗೋಡೆ ಒರೆಸಿದೆ.